ಒಂದೇ ಕೋಯ್ ಕೊಳಕ್ಕೆ ನಾಲ್ಕು ಫಿಲ್ಟರ್ ಹಾಕಿ ನೋಡಿದ ಮೇಲೆ

ನನ್ನ ಕೊಳ ಸುಮಾರು 9,000 ಲೀಟರಿನದು. ಆಳ ನಾಲ್ಕೂವರೆ ಅಡಿ, ಅದರಲ್ಲಿ ಕೋಯ್ ಅನ್ನುವ ಬಣ್ಣಬಣ್ಣದ ಸಾಕು ಮೀನು ಎಂಟು. ಆರು ವರ್ಷದಲ್ಲಿ ಇದೇ ಕೊಳಕ್ಕೆ ನಾಲ್ಕು ಬಗೆಯ ಫಿಲ್ಟರ್ ಕೂರಿಸಿ ನೋಡಿದ್ದೇನೆ: ಪ್ರೆಷರ್ ಫಿಲ್ಟರ್, ಸಾಲು ಡ್ರಮ್ಮುಗಳ ಫಿಲ್ಟರ್, ಗಿಡ ನೆಟ್ಟ ಜಲ್ಲಿ ಗುಂಡಿ, ಕೊನೆಗೆ ತನ್ನಷ್ಟಕ್ಕೆ ತಾನೇ ತೊಳೆದುಕೊಳ್ಳುವ ರೋಟರಿ ಡ್ರಮ್ ಫಿಲ್ಟರ್. ಯಾವುದು ಒಳ್ಳೆಯದು ಅಂತ ಕೇಳುವವರಿಗೆ ನಾನೀಗ ಮೊದಲು ಕೇಳುವುದು ಒಂದೇ ಪ್ರಶ್ನೆ. ಮೀನಿನ ಹಿಕ್ಕೆ ಪಂಪಿಗೆ ಸಿಗುವ ಮೊದಲೇ ಹೊರಗೆ ಹೋಗುತ್ತದಾ, ಇಲ್ಲ ಪಂಪಿನ ರೆಕ್ಕೆಗೆ ಸಿಕ್ಕಿ ಪುಡಿಯಾಗುತ್ತದಾ? ಪುಡಿಯಾದ ಮೇಲೆ ಅದನ್ನು ಹಿಡಿಯುವುದು ಬಹಳ ಕಷ್ಟ.

ಕೋಯ್‌ಗೆ ನಮ್ಮ ಹಾಗೆ ಜಠರ ಇಲ್ಲ, ಇರುವುದು ಉದ್ದನೆಯ ಕರುಳು ಮಾತ್ರ. ತಿಂದದ್ದು ಬೇಗ ಹೊರಗೆ ಬರುತ್ತದೆ. ಅದರ ಜೊತೆಗೆ ಕಿವಿರಿನಿಂದ ಮೀನಿಗೇ ವಿಷವಾದ ಅಮೋನಿಯಾ ಸದಾ ನೀರಿಗೆ ಸೇರುತ್ತಲೇ ಇರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಫಿಲ್ಟರಿಗೆ ಎರಡು ಕೆಲಸ. ಗಲೀಜು ಹಿಡಿಯಬೇಕು, ಜೊತೆಗೆ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆ ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಮನೆಯಾಗಬೇಕು. ಇವೆರಡನ್ನೂ ಒಂದೇ ಡಬ್ಬಿಯಲ್ಲಿ ಮಾಡಲು ಹೋದದ್ದೇ ನನ್ನ ಮೊದಲ ತಪ್ಪು.

ಪ್ರೆಷರ್ ಫಿಲ್ಟರ್ ತಂದದ್ದು ಕೂರಿಸುವುದು ಸುಲಭ ಅಂತ. ಕೊಳದೊಳಗೆ ಒಂದು ಪಂಪು, ದಡದಲ್ಲಿ ಮುಚ್ಚಿದ ಡಬ್ಬಿ, ಡಬ್ಬಿಯಲ್ಲಿ ಸ್ಪಂಜು, ನಡುವೆ ಯುವಿ (ನೇರಳಾತೀತ ಬೆಳಕಿನ) ದೀಪ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ಎರಡು ವಾರದಲ್ಲಿ ಹಸಿರು ನೀರು ಎಷ್ಟು ತಿಳಿಯಾಯಿತು ಅಂದರೆ ತಳದ ಕಲ್ಲು ಎಣಿಸಬಹುದಿತ್ತು. ನಾನು ಮೋಸ ಹೋದದ್ದು ಅಲ್ಲೇ. ಯುವಿ ದೀಪ ತೇಲುವ ಪಾಚಿಯನ್ನು ಕೊಲ್ಲುತ್ತದೆ, ಅಷ್ಟೇ, ಅಮೋನಿಯಾಕ್ಕೆ ಅದರಿಂದ ಏನೂ ಆಗುವುದಿಲ್ಲ. ಕನ್ನಡಿಯ ಹಾಗಿದ್ದ ಆ ನೀರನ್ನು ಟೆಸ್ಟ್ ಕಿಟ್‌ನಲ್ಲಿ ನೋಡಿದರೆ ಅಮೋನಿಯಾ ಲೀಟರಿಗೆ 0.5 ಮಿಲಿಗ್ರಾಂ ತೋರಿಸುತ್ತಿತ್ತು. ಇರಬೇಕಾದದ್ದು ಸೊನ್ನೆ.

ಮೀನು ಬೆಳೆದ ಹಾಗೆ ಸ್ಪಂಜು ಬೇಗ ಕಟ್ಟಿಕೊಳ್ಳತೊಡಗಿತು. ಮೊದಲು ವಾರಕ್ಕೊಮ್ಮೆ ತೊಳೆಯುತ್ತಿದ್ದೆ, ಆಮೇಲೆ ಮೂರು ದಿನಕ್ಕೊಮ್ಮೆ. ಪಂಪಿನ ಮೇಲೆ ಗಂಟೆಗೆ 9,000 ಲೀಟರ್ ಅಂತ ಬರೆದಿತ್ತು, ಅಲ್ವಾ, ಒಂದು ದಿನ 20 ಲೀಟರಿನ ಬಕೆಟ್ ಇಟ್ಟು ಗಡಿಯಾರ ಹಿಡಿದು ನೋಡಿದೆ. ಸ್ಪಂಜು ತೊಳೆದ ದಿನ ಬಕೆಟ್ 12 ಸೆಕೆಂಡಿನಲ್ಲಿ ತುಂಬಿತು, ಅಂದರೆ ಗಂಟೆಗೆ 6,000 ಲೀಟರ್. ಮೂರನೇ ದಿನಕ್ಕೆ 24 ಸೆಕೆಂಡ್, ಅಂದರೆ ಅದರ ಅರ್ಧ. ನೀರು ಕಡಿಮೆಯಾದರೆ ಬ್ಯಾಕ್ಟೀರಿಯಾಗಳಿಗೆ ಹೋಗುವ ಆಮ್ಲಜನಕವೂ ಕಡಿಮೆ. ಕೋಯ್ ಕೊಳದ ಅಷ್ಟೂ ನೀರು ಒಂದರಿಂದ ಎರಡು ಗಂಟೆಯೊಳಗೆ ಒಮ್ಮೆ ಫಿಲ್ಟರ್ ಮೂಲಕ ಹಾದುಹೋಗಬೇಕು. ನನ್ನದು ಮೂರು ಗಂಟೆ ತೆಗೆದುಕೊಳ್ಳುತ್ತಿತ್ತು.

ಒಂದು ಸಲ ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲೇ ಚೆನ್ನಾಗಿ ತೊಳೆದುಬಿಟ್ಟೆ. ಇದ್ದಬದ್ದ ಬ್ಯಾಕ್ಟೀರಿಯಾ ಸತ್ತು ವಾರದಲ್ಲಿ ನೈಟ್ರೈಟ್ ಏರಿತು, ಮೀನುಗಳು ತುಂಬಾ ಹೊತ್ತು ನೀರಿನ ಮೇಲ್ಭಾಗದಲ್ಲೇ ಬಾಯಿ ಆಡಿಸುತ್ತಾ ನಿಂತವು. ನೈಟ್ರೈಟ್ ರಕ್ತ ಸೇರಿದರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ. ನೀರು ಬದಲಿಸಿ, ಸಾವಿರ ಲೀಟರಿಗೆ ಒಂದು ಕಿಲೋ ಲೆಕ್ಕದಲ್ಲಿ ಉಪ್ಪು ಕರಗಿಸಿ, ಆಹಾರ ನಿಲ್ಲಿಸಿದ ಮೇಲೆ ಸುಧಾರಿಸಿದವು. ಆ ನಾಲ್ಕು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸ್ಪಂಜನ್ನು ಕೊಳದ ನೀರಲ್ಲೇ ಹಿಂಡಿ ತೊಳೆಯಿರಿ, ದಯವಿಟ್ಟು.

ಎರಡನೆಯದು ಸಾಲು ಡ್ರಮ್ಮುಗಳು. ಕೊಳ ಕಟ್ಟುವಾಗಲೇ ತಳದ ನಡುವೆ ನಾಲ್ಕು ಇಂಚಿನ ಬಾಟಮ್ ಡ್ರೈನ್ ಹಾಕಿಸಿದ್ದೆ, ಆದರೆ ಅದರ ವಾಲ್ವ್ ಮುಚ್ಚಿ ಒಂದೂವರೆ ವರ್ಷ ಸುಮ್ನೆ ಬಿಟ್ಟಿದ್ದೆ! ಅದನ್ನು ತೆರೆದು, ಡ್ರಮ್ಮುಗಳನ್ನು ಕೊಳದ ನೀರಿನ ಮಟ್ಟಕ್ಕೇ ಬರುವಂತೆ ಹೂತು, ಪಂಪನ್ನು ಎಲ್ಲದರ ಕೊನೆಗೆ ಇಟ್ಟೆ. ಪಂಪು ಕೊನೆಯ ಡ್ರಮ್ಮಿನಿಂದ ನೀರೆತ್ತಿದಂತೆ ಕೊಳದ ತಳದ ನೀರು ತಾನಾಗಿ ಮೊದಲ ಡ್ರಮ್ಮಿಗೆ ಬರುತ್ತದೆ. ಹಿಕ್ಕೆ ಒಡೆಯದೆ ಇಡಿಯಾಗಿ ಬಂದು ಅಲ್ಲಿ ತಳಕ್ಕೆ ಕೂರುತ್ತದೆ. ಎರಡನೆಯದರಲ್ಲಿ ನೇತುಹಾಕಿದ ಬ್ರಷ್‌ಗಳು ಸಣ್ಣ ಕಸ ಹಿಡಿಯುತ್ತವೆ. ಮೂರನೆಯದರಲ್ಲಿ ಬ್ಯಾಕ್ಟೀರಿಯಾ ಅಂಟಿಕೊಂಡು ಬೆಳೆಯುವ ಕೆ-1 ಅನ್ನುವ ಸಣ್ಣ ಪ್ಲಾಸ್ಟಿಕ್ ಗಾಲಿಗಳು, ಏರ್ ಪಂಪಿನ ಗಾಳಿಗೆ ಸದಾ ಉರುಳುತ್ತಿರುತ್ತವೆ.

ಮೊದಲ ಬೆಳಿಗ್ಗೆ ಡ್ರಮ್ಮಿನ ಕೆಳಗಿನ ವಾಲ್ವ್ ತೆರೆದಾಗ ಬಂದ ಕಪ್ಪು ಗಸಿ ನೋಡಿ ದಂಗಾದೆ. ಇಷ್ಟೆಲ್ಲಾ ಇಷ್ಟು ದಿನ ಸ್ಪಂಜಿನೊಳಗೆ ಕೊಳೆಯುತ್ತಿತ್ತಲ್ಲಾ!

ಆದರೆ ತಾಳ್ಮೆ ಬೇಕು. ಹೊಸ ಗಾಲಿಗಳು ಮೊದಲ ಕೆಲವು ವಾರ ಸುಮ್ನೆ ಮೇಲೆ ತೇಲುತ್ತವೆ, ಮೈಮೇಲೆ ತೆಳು ಲೋಳೆ ಕಟ್ಟಿದ ಮೇಲಷ್ಟೇ ನೀರಿನೊಂದಿಗೆ ಬೆರೆತು ತಿರುಗುತ್ತವೆ. ಹಳೆಯ ಸ್ಪಂಜನ್ನು ಅದೇ ಡ್ರಮ್ಮಿನಲ್ಲಿ ಹಾಕಿಟ್ಟಿದ್ದರೂ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ಆರು ವಾರ ಹಿಡಿಯಿತು. ಅಲ್ಲಿಯವರೆಗೆ ಆಹಾರ ಕಡಿಮೆ, ಟೆಸ್ಟ್ ಜಾಸ್ತಿ. ನೀರು 10 ಡಿಗ್ರಿಗಿಂತ ತಣ್ಣಗಾಗುವ ಕಡೆ ಇನ್ನೂ ನಿಧಾನ. ಇನ್ನೊಂದು ವಿಷಯ ಯಾರೂ ನನಗೆ ಹೇಳಿರಲಿಲ್ಲ. ಈ ಬ್ಯಾಕ್ಟೀರಿಯಾಗಳು ಕೆಲಸ ಮಾಡುವಾಗ ನೀರಿನ ಕಾರ್ಬೊನೇಟನ್ನು ತಿನ್ನುತ್ತವೆ, ಅದು ಪೂರ್ತಿ ಖಾಲಿಯಾದರೆ ಪಿಎಚ್ ದಿಢೀರನೆ ಕುಸಿಯುತ್ತದೆ, ಅಂದರೆ ನೀರು ಆಮ್ಲೀಯವಾಗುತ್ತದೆ. ಫಿಲ್ಟರ್ ಚೆನ್ನಾಗಿ ಕೆಲಸ ಮಾಡಿದಷ್ಟೂ ಇದನ್ನು ಗಮನಿಸಬೇಕು. ನಾನು ತಿಂಗಳಿಗೆರಡು ಸಲ ನೋಡಿ, ಕಡಿಮೆಯಿದ್ದರೆ ಅಡುಗೆ ಸೋಡಾ ಸ್ವಲ್ಪ ಸ್ವಲ್ಪವೇ ಕರಗಿಸಿ ಹಾಕುತ್ತೇನೆ.

ಕಿರಿಕಿರಿ ಅಂದರೆ ಜಾಗ ಮತ್ತು ಬ್ರಷ್. ಮೂರು ಡ್ರಮ್ಮು ಹೂಳಲು ಒಂದು ಮೂಲೆ ಪೂರ್ತಿ ಹೋಯಿತು. ಬ್ರಷ್‌ಗಳನ್ನು ಎರಡು ವಾರಕ್ಕೊಮ್ಮೆ ಎತ್ತಿ ಝಾಡಿಸಬೇಕು, ಕೈ, ಬಟ್ಟೆ ಎಲ್ಲಾ ವಾಸನೆ. ಮೊದಲ ಡ್ರಮ್ಮಿನ ವಾಲ್ವ್ ಮಾತ್ರ ದಿನಾ ಎರಡೇ ನಿಮಿಷದ ಕೆಲಸ.

ಗಿಡದ ಗುಂಡಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊಳದ ಪಕ್ಕ ಅದರ ಕಾಲು ಭಾಗದಷ್ಟು ಅಗಲಕ್ಕೆ ತೋಡಿ, ಜಲ್ಲಿ ತುಂಬಿ, ಕೆಳಗಿನಿಂದ ನೀರು ಬಿಟ್ಟು, ಮೇಲೆ ಜೌಗಿನ ಗಿಡ ನೆಟ್ಟೆ. ನೋಡಲು ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಉಳಿದ ಫಿಲ್ಟರ್‌ಗಳು ಮುಟ್ಟದ ನೈಟ್ರೇಟನ್ನು ಗಿಡಗಳು ಹೀರುತ್ತವೆ, ಗೋಡೆಗೆ ಅಂಟುವ ನೂಲುಪಾಚಿ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಆದರೆ ಪ್ರಯೋಗ ಅಂತ ಎರಡು ತಿಂಗಳು ಡ್ರಮ್ಮುಗಳನ್ನು ಬಿಟ್ಟು ತಳದ ನೀರನ್ನು ನೇರವಾಗಿ ಗುಂಡಿಗೆ ಹರಿಸಿದೆ, ಜಲ್ಲಿಯ ಸಂದಿಯಲ್ಲೆಲ್ಲಾ ಕೆಸರು ತುಂಬಿ ಕೊಳೆತ ಮೊಟ್ಟೆಯ ವಾಸನೆ ಬಂತು. ಅಷ್ಟೂ ಜಲ್ಲಿ ತೆಗೆದು ತೊಳೆದೆ. ಕೋಯ್‌ಗೆ ಇದೊಂದೇ ಸಾಲದು. ಗಸಿ ತೆಗೆದ ನೀರನ್ನು ಇದಕ್ಕೆ ಕೊಟ್ಟರೆ ಮಾತ್ರ ಬಂಗಾರ.

ರೋಟರಿ ಡ್ರಮ್ ಫಿಲ್ಟರ್ ಬಂದದ್ದು ನಾಲ್ಕನೇ ವರ್ಷ, ಮೊದಲೆರಡು ಡ್ರಮ್ಮಿನ ಜಾಗಕ್ಕೆ. ಸುತ್ತ 60 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಜರಡಿ ಇರುವ ಒಂದು ಉರುಳೆ. ಜರಡಿ ಕಟ್ಟಿಕೊಂಡು ಒಳಗೂ ಹೊರಗೂ ನೀರಿನ ಮಟ್ಟ ಬೇರೆಯಾದ ಕೂಡಲೇ ಸೆನ್ಸರ್ ಗುರುತಿಸಿ ಉರುಳೆ ತಿರುಗಿಸುತ್ತದೆ, ನೀರು ಚಿಮ್ಮಿ ಗಲೀಜನ್ನು ಹೊರಗಿನ ಪೈಪಿಗೆ ತಳ್ಳುತ್ತದೆ. ಹಿಕ್ಕೆ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಅದು ಕೊಳ ಬಿಟ್ಟು ಹೋಗಿರುತ್ತದೆ. ಗಾಲಿಗಳ ಡ್ರಮ್ಮಿಗೆ ಹೋಗುವ ನೀರು ಎಷ್ಟು ಶುಭ್ರವಾಯಿತೆಂದರೆ ಎರಡು ವರ್ಷದಲ್ಲಿ ಆ ಡ್ರಮ್ಮಿನ ತಳವನ್ನು ಒಂದೇ ಸಲ ತೊಳೆದಿದ್ದೇನೆ.

ಇದು ಪೂರ್ತಿ ಫಿಲ್ಟರ್ ಅಂತ ನಂಬಿ ಕೊಳ್ಳಬೇಡಿ. ಇದು ಜರಡಿ, ಅಮೋನಿಯಾದ ಕೆಲಸಕ್ಕೆ ಗಾಲಿಗಳ ಡ್ರಮ್ಮು ಇರಲೇಬೇಕು. ನಾಲ್ಕರಲ್ಲಿ ದುಬಾರಿಯೂ ಇದೇ. ಮೋಟರು, ಸೆನ್ಸರು, ರಬ್ಬರ್ ಸೀಲು, ಚಿಮ್ಮುವ ನಳಿಕೆ, ಯಾವುದು ಕೆಟ್ಟರೂ ಅದೇ ದಿನ ಸರಿಮಾಡಬೇಕು. ನನ್ನದು ಗಡಸು ನೀರು, ನಳಿಕೆಗಳಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ, ತಿಂಗಳಿಗೊಮ್ಮೆ ವಿನೆಗರ್‌ನಲ್ಲಿ ನೆನೆಸುತ್ತೇನೆ. ತೊಳೆಯಲು ನೀರೂ ಖರ್ಚಾಗುತ್ತದೆ, ಆದರೆ ಅಷ್ಟು ಹೊಸ ನೀರು ಕೊಳಕ್ಕೆ ಬೇಕೇ ಬೇಕಿತ್ತು, ಹಾಗಾಗಿ ಅದನ್ನು ನಷ್ಟ ಅಂತ ನಾನು ಎಣಿಸುವುದಿಲ್ಲ. ಬರುವುದು ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ವ್ಯವಸ್ಥೆ ಮಾಡಿಕೊಳ್ಳಿ.

ಕರೆಂಟಿನ ಖರ್ಚು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ನನ್ನ 110 ವಾಟ್ ಪಂಪು ದಿನವಿಡೀ ಓಡಿದರೆ 2.64 ಯೂನಿಟ್.

ಇಷ್ಟರಲ್ಲಿ ನನ್ನ ಆಯ್ಕೆ ಯಾವುದು? ಹೊಸಬರಿಗೆ, ದಿನಾ ಕೊಳದ ಹತ್ತಿರ ಹೋಗುವವರಿಗೆ, ಸಾಲು ಡ್ರಮ್ಮು. ಕಣ್ಣೆದುರಿಗೆ ಎಲ್ಲಾ ಕಾಣುತ್ತದೆ, ಕೆಟ್ಟರೆ ಕೈಯಲ್ಲೇ ಸರಿಮಾಡಬಹುದು. ಊರೂರು ಸುತ್ತುವ ಕೆಲಸ ಇದ್ದರೆ, ಮೀನು ದೊಡ್ಡದಾಗಿ ಆಹಾರ ಜಾಸ್ತಿ ಹಾಕುತ್ತಿದ್ದರೆ ರೋಟರಿ ಡ್ರಮ್, ಬಿಡಿಭಾಗ ಸುಲಭವಾಗಿ ಸಿಗುತ್ತದೆ ಅಂತ ಖಾತ್ರಿ ಇದ್ದರೆ ಮಾತ್ರ. ಪ್ರೆಷರ್ ಫಿಲ್ಟರ್ ನಾಲ್ಕಾರು ಗೋಲ್ಡ್‌ಫಿಶ್ ಇರುವ ಸಣ್ಣ ಕೊಳಕ್ಕೆ ಇರಲಿ. ಎರಡಡಿಯವರೆಗೂ ಬೆಳೆಯುವ ಮೀನಿಗೆ ಅದನ್ನು ನಾನು ಮತ್ತೆ ಹಾಕುವುದಿಲ್ಲ.

ಹಾಗೆ ಖಡಾಖಂಡಿತವಾಗಿ ಹೇಳಲು ಕಾರಣ ಕರೆಂಟು ಹೋದ ಎರಡು ದಿನಗಳು. ಪ್ರೆಷರ್ ಫಿಲ್ಟರ್ ಇದ್ದಾಗ ಐದು ಗಂಟೆ ಕರೆಂಟಿರಲಿಲ್ಲ. ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ಮುಗಿದು ನೀರು ಕೆಟ್ಟಿತ್ತು, ಕರೆಂಟು ಬಂದೊಡನೆ ಪಂಪು ಆ ಕಪ್ಪು ನೀರನ್ನು ಸೀದಾ ಕೊಳಕ್ಕೆ ಸುರಿಯಿತು. ನಾನು ಪೈಪನ್ನು ಹೊರಗೆ ತಿರುಗಿಸುವಷ್ಟರಲ್ಲಿ ಅರ್ಧ ಹೋಗಿತ್ತು, ಒಂದು ಬಿಳಿ ಮೀನು ಆ ರಾತ್ರಿಯೇ ಸತ್ತಿತು. ಈಗಿನ ವ್ಯವಸ್ಥೆಯಲ್ಲಿ ಆರು ಗಂಟೆ ಹೋಗಿತ್ತು. ಏರ್ ಪಂಪಿಗೆ ಒಂದು ಬ್ಯಾಟರಿ ಕೊಟ್ಟಿದ್ದೇನೆ, ಗಾಲಿಗಳು ಅಷ್ಟೂ ಹೊತ್ತು ತಿರುಗುತ್ತಲೇ ಇದ್ದವು. ಮಾರನೇ ದಿನ ಟೆಸ್ಟ್ ಮಾಡಿದೆ, ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ.