ಐಸೋ ರೆಸಿನ್, ಎರಡು ಮಳೆಗಾಲದ ನಂತರ: ತಳಕ್ಕೆ ಸೈ, ಡೆಕ್ಕಿಗೆ ಬೇಡ

ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕುಗೊಳಿಸುವ ದ್ರವ) ಮೊದಲೇ ಬೆರೆಸಿ ಬರುವ ಐಸೋ, ಅಂದರೆ ಐಸೋಫ್ತಾಲಿಕ್, ಪಾಲಿಯೆಸ್ಟರ್ ರೆಸಿನ್, 20 ಕೆಜಿ ಡಬ್ಬ, ಜೊತೆಗೊಂದು ಸೀಸೆ ಹಾರ್ಡ್ನರ್ (ರೆಸಿನ್ ಗಟ್ಟಿಮಾಡುವ ದ್ರವ). ಉಳಿದ ವಿವರ ಡಬ್ಬದ ಮೇಲೇ ಇದೆ. ಬಳಸಿದ್ದು ಗೋವಾದ ಜುವಾರಿ ನದಿ ದಂಡೆಯ 24 ಅಡಿ ಫೈಬರ್ ದೋಣಿಗೆ. ಜಂಬಿಟ್ಟಿಗೆ ಕಲ್ಲಿನ ಧಕ್ಕೆಗೆ (ದೋಣಿ ನಿಲ್ಲಿಸುವ ಕಟ್ಟೆಗೆ) ಉಜ್ಜಿ ತಳದಲ್ಲಿ ಅಂಗೈಯಗಲ ತೂತು; ಮೇಲೆ ಡೆಕ್ಕಿನ ಪ್ಲೈವುಡ್ ಕೊಳೆತು ಕಾಲಿಟ್ಟರೆ ಕುಸಿಯುತ್ತಿತ್ತು.

ಗೋವಾದಲ್ಲಿ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ದೋಣಿ ದಡದಲ್ಲಿರುವುದು ಆಗಲೇ, ರೆಸಿನ್‌ಗೆ ಆಗದ ತೇವವೂ ಆಗಲೇ. ಗೋಣಿಚೀಲದ ಮೇಲೆ ಬಿಟ್ಟ ಮ್ಯಾಟ್ (ಗಾಜಿನ ಎಳೆಗಳ ಹಾಳೆ) ಒಂದೇ ರಾತ್ರಿಯಲ್ಲಿ ತೇವ ಹೀರಿಕೊಳ್ಳುತ್ತದೆ. ಅದಕ್ಕೆ ರೆಸಿನ್ ಹಚ್ಚಿದರೆ ಪಾರದರ್ಶಕವಾಗಬೇಕಾದ ಜಾಗ ಹಾಲಿನಂತೆ ಬೆಳ್ಳಗೇ ಉಳಿಯುತ್ತದೆ. ಮ್ಯಾಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, 100 ವ್ಯಾಟ್ ಬಲ್ಬ್ ಉರಿಯುವ ಪೆಟ್ಟಿಗೆಯಲ್ಲಿಟ್ಟರೆ ಈ ಕಾಟ ಇಲ್ಲ. ತಳ ಒಣಗಿದೆಯೇ ಎಂದು ನೋಡಲು ಪಾರದರ್ಶಕ ಪ್ಲಾಸ್ಟಿಕ್ ತುಂಡನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಂಡರೆ ಆ ದಿನ ಗ್ರೈಂಡರ್ ಮುಟ್ಟುವುದೇ ಬೇಡ.

ತಳದ ಕೆಲಸದಲ್ಲಿ ಈ ರೆಸಿನ್‌ಗೆ ಪೂರ್ತಿ ಅಂಕ. ಮೊದಲು ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಗ್ರೈಂಡರ್. ಕ್ರಮ ಉಲ್ಟಾ ಆದರೆ ಮೇಲಿನ ಎಣ್ಣೆ-ಮೇಣವೆಲ್ಲ ಗೀರುಗಳ ಒಳಗೆ ಹೋಗಿ ಕೂರುತ್ತದೆ. ತೂತಿನ ಅಂಚಿನ ಇಳಿಜಾರು 12ಕ್ಕೆ 1: ತಳದ ದಪ್ಪ 6 ಮಿಮೀ ಇದ್ದರೆ ತೂತಿನ ಸುತ್ತ 72 ಮಿಮೀ ಅಗಲ ಇಳಿಜಾರಾಗಿ ಸವೆಸಬೇಕು. ಅಷ್ಟೊಂದು ಒಳ್ಳೇ ಫೈಬರ್ ಯಾಕೆ ತೆಗೀಬೇಕು ಅಂತ ಕೈ ಹಿಂಜರಿಯುತ್ತದೆ, ಆದರೆ ಹೊಸ ತೇಪೆ ಹಿಡಿದುಕೊಳ್ಳುವುದು ಆ ಇಳಿಜಾರಿನಲ್ಲೇ. ಹೊರಗಿನಿಂದ ಮೇಣ ಹಚ್ಚಿದ ಸನ್ಮೈಕಾ ತುಂಡು ಒತ್ತಿಟ್ಟು ಒಳಗಿನಿಂದ ಪದರ: 450ರ ಮ್ಯಾಟ್ (ಚದರ ಮೀಟರ್‌ಗೆ 450 ಗ್ರಾಂ ತೂಕದ್ದು), 600ರ ರೋವಿಂಗ್ (ನೇಯ್ದ ಗಾಜಿನ ಬಟ್ಟೆ), ಮ್ಯಾಟ್, ಮರುದಿನ ಮತ್ತೆ ಅದೇ ಮೂರು. ಒಟ್ಟು ಐದೂವರೆ ಮಿಮೀ ಬರುತ್ತದೆ. ಆರನ್ನೂ ಒಂದೇ ಸಲ ಜಡಿದರೆ ಬಿಸಿಯೇರಿ ತೇಪೆ ಸೊಟ್ಟಗಾಗುತ್ತದೆ. ಒಂದು ಚದರ ಮೀಟರ್ 450 ಮ್ಯಾಟ್ ಸುಮಾರು 1.1 ಕೆಜಿ ರೆಸಿನ್ ಕುಡಿಯುತ್ತದೆ, ರೋವಿಂಗ್ 600 ಗ್ರಾಂ.

ಹಾರ್ಡ್ನರ್ ವಿಷಯಕ್ಕೆ ಬರೋಣ. ಅಂಗಡಿಯಲ್ಲಿ "ಒಂದು ಮಗ್ಗಿಗೆ ಎರಡು ಮುಚ್ಚಳ ಹಾಕಿ ಸಾರ್" ಅನ್ನುತ್ತಾರೆ. ಯಾವ ಮಗ್, ಯಾವ ಮುಚ್ಚಳ? ಅಡುಗೆಮನೆ ತಕ್ಕಡಿಯಲ್ಲಿ 500 ಗ್ರಾಂ ರೆಸಿನ್ ತೂಗಿ, ಸೂಜಿ ತೆಗೆದ 10 ಎಂಎಲ್ ಸಿರಿಂಜಿನಲ್ಲಿ ಹಾರ್ಡ್ನರ್ ಎಳೆಯಿರಿ. 1.5 ಶೇಕಡಾ ಅಂದರೆ 7.5 ಗ್ರಾಂ, ಸಿರಿಂಜಿನಲ್ಲಿ ಆರೂವರೆ ಎಂಎಲ್ ಹತ್ತಿರ. ಮೇ ತಿಂಗಳ ಸೆಖೆಯಲ್ಲಿ 1 ಶೇಕಡಾ ಸಾಕು. ಅದಕ್ಕಿಂತ ಕೆಳಗಿಳಿದರೆ ಎಷ್ಟು ದಿನ ಕಾದರೂ ರೆಸಿನ್ ಪೂರ್ತಿ ಗಟ್ಟಿಯಾಗುವುದಿಲ್ಲ. ಮಗ್ಗಿನ ಮೈಮೇಲೆ ಮಾರ್ಕರ್‌ನಲ್ಲಿ ಸಮಯ, ಹಾರ್ಡ್ನರ್ ಎಂಎಲ್, ಜೆಲ್ಲಿಯಾದ ನಿಮಿಷ ಬರೆದಿಡುವ ಅಭ್ಯಾಸ ಒಂದು ವಾರ ಮಾಡಿ ನೋಡಿ. ಆ ಶೆಡ್ಡಿಗೆ ಅದೇ ನಿಮ್ಮ ಪಂಚಾಂಗ. ಕೋಬಾಲ್ಟ್ ಬೇರೆ ಸೀಸೆಯಲ್ಲಿ ಬಂದಿದ್ದರೆ ಅದನ್ನೂ ಹಾರ್ಡ್ನರನ್ನೂ ನೇರ ಬೆರೆಸಲೇಬೇಡಿ, ಸಿಡಿಯುತ್ತದೆ. ಹಾರ್ಡ್ನರ್ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು, ರಕ್ಷಣೆಯ ಕನ್ನಡಕ ತೆಗೆಯಬೇಡಿ.

ಇನ್ನು ಹಲ್ಲಿನ ರೋಲರ್. ಅಲ್ಯೂಮಿನಿಯಂದು, ಬೆರಳುದ್ದ. ಈ ಕೆಲಸದಲ್ಲಿ ನಿಜಕ್ಕೂ ಖುಷಿ ಕೊಟ್ಟ ಸಾಮಾನು ಇದೊಂದೇ. ಮ್ಯಾಟ್ ಮೇಲೆ ಓಡಿಸಿದರೆ ಗಾಳಿಗುಳ್ಳೆಗಳು ಚರಚರ ಸದ್ದು ಮಾಡುತ್ತ ಅಂಚಿಗೆ ಸರಿಯುತ್ತವೆ. ಸದ್ದು ನಿಂತಿತೆಂದರೆ ಪದರ ಕೂತಿತು. ಕೆಲಸ ಮುಗಿದ ಕೂಡಲೇ ಅಸಿಟೋನ್ ಡಬ್ಬಿಗೆ ಹಾಕಿ, ಇಲ್ಲವಾದರೆ ಮರುದಿನ ಅದು ಬರೀ ಕೋಲು.

ಪದರ ಒಣಗಿದ ಮೇಲೂ ಕೈಗೆ ಅಂಟುತ್ತದೆ ಎಂದು ರೆಸಿನ್‌ಗೆ ಬೈಯುವವರು ಬಹಳ. ಇದು ಮೇಣವಿಲ್ಲದ ರೆಸಿನ್, ಗಾಳಿ ತಾಗುವ ಮೇಲ್ಮೈ ಅಂಟಂಟಾಗಿಯೇ ಇರಬೇಕು. ಮುಂದಿನ ಪದರ ಬೆಸೆಯುವುದು ಅದಕ್ಕೇ. ಕೊನೇ ಪದರಕ್ಕೆ ಮಾತ್ರ ಮೇಣದ ದ್ರಾವಣ ಬೆರೆಸಿ, ಇಲ್ಲವೇ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆಯಿರಿ.

ಇಷ್ಟರವರೆಗೆ ಹೊಗಳಿದ್ದಾಯಿತು. ಡೆಕ್ಕಿನ ಕಥೆ ಬೇರೆ. "ಇದನ್ನೇ ಪ್ಲೈವುಡ್ ಮೇಲೂ ಹಾಕಿ, ಏನೂ ಆಗಲ್ಲ" ಎಂಬ ಮಾತು ನಂಬಿ, ಐಎಸ್ 710 (ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಗುರುತಿನ 12 ಮಿಮೀ ಮರೈನ್ ಪ್ಲೈ ಮೇಲೆ ಎರಡು ಮ್ಯಾಟ್ ಹಾಕಿದ್ದಾಯಿತು. ಮೊದಲ ಮಳೆಗಾಲ ಸುಮ್ಮನಿತ್ತು. ಎರಡನೆಯದು ಮುಗಿಯುವಷ್ಟರಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಟಣ್ ಅನ್ನಬೇಕಾದ ಕಡೆ ಡಬ್ ಡಬ್. ಒಂದು ಮೂಲೆ ಎತ್ತಿದರೆ ಸಿಪ್ಪೆಯಂತೆ ಫೈಬರ್ ಎದ್ದುಬಂತು, ಅಡಿಯಲ್ಲಿ ಒದ್ದೆ ಕಪ್ಪು ಪ್ಲೈ. ಪಾಲಿಯೆಸ್ಟರ್ ಗಟ್ಟಿಯಾಗುವಾಗ ಕುಗ್ಗುತ್ತದೆ, ಮರಕ್ಕೆ ಸರಿಯಾಗಿ ಹಿಡಿಯುವುದೂ ಇಲ್ಲ. ಪ್ಲೈ ಹಿಗ್ಗಿ ಕುಗ್ಗಿದಾಗ ಬಿಟ್ಟುಕೊಳ್ಳುತ್ತದೆ. ನೀರು ನುಗ್ಗಿದ್ದು ಕ್ಲೀಟಿನ (ಹಗ್ಗ ಕಟ್ಟುವ ಕೊಕ್ಕೆಯ) ಸ್ಕ್ರೂ ತೂತುಗಳಿಂದ.

ಡೆಕ್ಕಿನ ಬಲಬದಿಯನ್ನು ಬಿಚ್ಚಿ ಎಪಾಕ್ಸಿ ಎಂಬ ಬೇರೆ ಬಗೆಯ ರೆಸಿನ್‌ನಲ್ಲಿ ಮರುಮಾಡಲಾಗಿದೆ. ಪ್ಲೈ ಎರಡೂ ಮುಖಕ್ಕೆ ಎಪಾಕ್ಸಿ, ಅಂಚಿಗೆ ಮೂರು ಸಲ. 5 ಮಿಮೀ ಸ್ಕ್ರೂ ಇರುವಲ್ಲಿ 12 ಮಿಮೀ ಕೊರೆದು, ದಪ್ಪ ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಸ್ಕ್ರೂ ತೂತು. ಮಾಮೂಲಿ ಮ್ಯಾಟ್ ಇಲ್ಲಿ ನಡೆಯದು. ಅದರ ಎಳೆ ಹಿಡಿದಿಟ್ಟ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್ ಎಂಬ ದ್ರವದಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ. ಹೊಲಿದ ಬೈಯಾಕ್ಸಿಯಲ್ (ಎರಡು ದಿಕ್ಕಿಗೆ ಎಳೆಗಳಿರುವ) ಗಾಜಿನ ಬಟ್ಟೆ ತನ್ನಿ. ತೇವದ ದಿನ ಎಪಾಕ್ಸಿ ಮೇಲೆ ಜಿಡ್ಡಿನ ತೆಳುಪರೆ ಕಟ್ಟುತ್ತದೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್, ಬರೀ ನೀರು ಸಾಕು, ಆಮೇಲೆ ಮರಳು ಕಾಗದ. ಅದರ ಮೇಲೆ ಜೆಲ್‌ಕೋಟ್ (ಪಾಲಿಯೆಸ್ಟರ್‌ನ ಬಣ್ಣದ ಹೊರಪದರ) ಹೊಡೆದು ಹಣ ಹಾಳುಮಾಡಬೇಡಿ, ಪಿಯು (ಪಾಲಿಯುರಿಥೇನ್) ಪೇಂಟ್ ಹೊಡೆಯಿರಿ.

ಎಪಾಕ್ಸಿಗೆ ಐಸೋ ರೆಸಿನ್‌ನ ದುಪ್ಪಟ್ಟಿಗಿಂತ ಹೆಚ್ಚು ಹಣ ಬೀಳುತ್ತದೆ, ಹಾಗಾಗಿ ತಳಕ್ಕೆ ಇನ್ನೂ ಐಸೋನೇ. ಆದರೆ 20 ಕೆಜಿ ಡಬ್ಬ ಬೇಡ. ತಗಡಿನ ಶೆಡ್ಡಿನ ಸೆಖೆಗೆ ಉಳಿದ 6 ಕೆಜಿ ಡಬ್ಬದಲ್ಲೇ ಜೆಲ್ಲಿಯಾಯಿತು. 5 ಕೆಜಿಯದ್ದು ತನ್ನಿ, ತಯಾರಾದ ತಿಂಗಳು ನೋಡಿ. ಎಡಬದಿಯ ಡೆಕ್ ಸದ್ಯ ಹಳೇ ಪಾಲಿಯೆಸ್ಟರ್‌ನದ್ದೇ. ಡಬ್ ಡಬ್ ಸದ್ದು ಕ್ಲೀಟಿನಿಂದ ಒಂದು ಗೇಣು ಮುಂದಕ್ಕೆ ಬಂದಿದೆ, ಮಾರ್ಕರ್‌ನಲ್ಲಿ ಗೆರೆ ಎಳೆದಿಟ್ಟಿದೆ.