ಪಾರ್ಕ್ ಸ್ಲೋಪ್‌ನ ಬ್ರೌನ್‌ಸ್ಟೋನ್ ಮನೆಯ ಕೊನೇ ಮಹಡಿ: ನಾಲ್ಕು ವರ್ಷ ಬಾಡಿಗೆಗಿದ್ದ ಮೇಲೆ

ಬೀದಿಯಿಂದ ನಮ್ಮ ಬಾಗಿಲಿಗೆ 49 ಮೆಟ್ಟಿಲು. ಹೊರಗಿನ ಕಲ್ಲಿನವು 11, ಒಳಗಿನ ಮರದವು 38. ಲಿಫ್ಟ್ ಇಲ್ಲ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನ ಈ ಭಾಗದಲ್ಲಿ, ಬ್ರೌನ್‌ಸ್ಟೋನ್ ಅನ್ನುವ ಕಂದು ಕಲ್ಲಿನ ಮುಖದ ಹಳೇ ಮನೆಗಳಲ್ಲಿ, ಕೊನೇ ಮಹಡಿ ನೋಡುತ್ತಿರುವವರು ಮೊದಲು ಈ ಲೆಕ್ಕ ಹಾಕಿಕೊಳ್ಳಿ. ಶಿವಮೊಗ್ಗದಿಂದ ಅಮ್ಮ ಬಂದು ಐದು ತಿಂಗಳು ಇದ್ದರು. ಮಂಡಿನೋವು, ಹಾಗಾಗಿ ದಿನಕ್ಕೆ ಒಂದೇ ಸಲ ಇಳಿಯೋದು. ಇಳಿದರೆ ಹೊರಮೆಟ್ಟಿಲ ಮೇಲೆ ಒಂದು ಗಂಟೆ ಕೂತೇ ಹತ್ತೋದು. ಅದಕ್ಕಿಲ್ಲಿ ಸ್ಟೂಪ್ ಅಂತಾರೆ, ಡಚ್ಚರು ಬಿಟ್ಟುಹೋದ ಮಾತು. ಅಮ್ಮನ ಬಾಯಲ್ಲಿ ಅದು ಮೊದಲ ದಿನದಿಂದಲೂ ಜಗಲಿಯೇ.

2021ರ ಸೆಪ್ಟೆಂಬರಿನಲ್ಲಿ ಬಂದಾಗ ಬ್ರೋಕರ್‌ಗೆ ವರ್ಷದ ಬಾಡಿಗೆಯ ಶೇ. 12 ಕೊಟ್ಟೆವು. 2025ರ ಜೂನ್‌ನಿಂದ ಕಾನೂನು ಬದಲಾಗಿದೆ. ಬ್ರೋಕರ್‌ನನ್ನು ಕರೆಸಿದವರೇ ದುಡ್ಡು ಕೊಡಬೇಕು. ಅಡ್ವಾನ್ಸ್ ಮಾತ್ರ ನಾವು ಬಂದಾಗಿನಿಂದಲೂ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವ ಹಾಗಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಎಣಿಸಿಕೊಟ್ಟು ಬಂದ ನಮಗೆ ಇದು ದೊಡ್ಡ ಸಮಾಧಾನ.

ಇಷ್ಟವಾಗಿದ್ದು ಬೆಳಕು. ಬೆಳಿಗ್ಗೆ ಮುಂದಿನ ಕಿಟಕಿಯಲ್ಲಿ ಪ್ಲೇನ್ ಮರದ ತಲೆ, ಸಂಜೆ ಹಿಂದಿನ ಅಡುಗೆಮನೆಯೊಳಗೆ ಬಿಸಿಲು. ತಲೆ ಮೇಲೆ ಯಾರೂ ನಡೆಯಲ್ಲ, ಕುರ್ಚಿ ಎಳೆಯಲ್ಲ. ಪ್ರಾಸ್ಪೆಕ್ಟ್ ಪಾರ್ಕ್‌ಗೆ ಏಳು ನಿಮಿಷದ ನಡಿಗೆ.

ಚಳಿಗಾಲದ್ದೇ ಬೇರೆ ಕಥೆ. ನೆಲಮಾಳಿಗೆಯ ಬಾಯ್ಲರ್‌ನಿಂದ ಒಂದೇ ಕೊಳವೆಯಲ್ಲಿ ಹಬೆ ಮೇಲೆ ಬಂದು ಕೋಣೆ ಬೆಚ್ಚಗಿಡುವ ಕಬ್ಬಿಣದ ರೇಡಿಯೇಟರನ್ನು ಕಾಯಿಸುತ್ತೆ, ತಣಿದ ನೀರು ಅದೇ ಕೊಳವೆಯಲ್ಲಿ ಕೆಳಗಿಳಿಯುತ್ತೆ. ಮೊದಲ ನವೆಂಬರಿನಲ್ಲಿ ಸೆಕೆ ಅಂತ ನಾನು ರೇಡಿಯೇಟರಿನ ವಾಲ್ವನ್ನು ಅರ್ಧ ತಿರುಗಿಸಿದ್ದೆ. ಮೂರು ರಾತ್ರಿ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು, ಮಗಳು ಅಳುತ್ತಾ ಎದ್ದು ಕೂತಳು. ಕೆಳಮನೆಯ ಹಿರಿಯರು ಬಂದು ತೋರಿಸಿಕೊಟ್ಟರು: ಇದನ್ನು ಪೂರ್ತಿ ತೆಗೆದಿಡಬೇಕು, ಇಲ್ಲವೇ ಪೂರ್ತಿ ಮುಚ್ಚಬೇಕು. ಅರ್ಧ ಬಿಟ್ಟರೆ ಇಳಿಯಬೇಕಾದ ನೀರು ಅಲ್ಲೇ ನಿಂತು, ಹಬೆ ಅದಕ್ಕೆ ಗುದ್ದುತ್ತೆ. ಅಂದಿನಿಂದ ರೇಡಿಯೇಟರ್ ಪಕ್ಕದ ಪುಟ್ಟ ಗಾಳಿಕಿಂಡಿಯ ಸುಯ್ ಸದ್ದೊಂದೇ. ಅಕ್ಟೋಬರ್ 1ರಿಂದ ಮೇ 31ರವರೆಗೆ ಮನೆ ಬೆಚ್ಚಗಿಡುವುದು ಓನರ್ ಜವಾಬ್ದಾರಿ. ಹಗಲಲ್ಲಿ ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (ಸುಮಾರು 13 ಸೆಲ್ಸಿಯಸ್) ಕಡಿಮೆಯಾದರೆ ಒಳಗೆ 68 (20 ಸೆಲ್ಸಿಯಸ್) ಇರಲೇಬೇಕು, ರಾತ್ರಿ 62 (ಸುಮಾರು 17 ಸೆಲ್ಸಿಯಸ್).

ಬೇಸಿಗೆ ನಮ್ಮನ್ನು ನಿಜವಾಗಿ ಹಣ್ಣು ಮಾಡಿತು. ನೆತ್ತಿ ಮೇಲೆ ಕಪ್ಪು ಟಾರಿನ ಮಟ್ಟಸ ಛಾವಣಿ. ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಕೆಳಗೆ ಇಳಿಸುತ್ತೆ. ಹನ್ನೊಂದು ಗಂಟೆಗೂ ಮಲಗುವ ಕೋಣೆಯ ಸೂರು ಮುಟ್ಟಿದರೆ ಈಗಷ್ಟೇ ಇಳಿಸಿದ ಕಾವಲಿಯ ಹಿಡಿಯಂತೆ ಬೆಚ್ಚಗಿರುತ್ತಿತ್ತು. ಕಿಟಕಿ ಎಸಿ ಓಡುವಾಗ ಮಿಕ್ಸಿ ಹಾಕಿದರೆ ಕರೆಂಟ್ ಟ್ರಿಪ್ ಆಗುತ್ತೆ, ಹಳೇ ವೈರಿಂಗ್. ಹಾಗಾಗಿ ಚಟ್ನಿ ಬೆಳಿಗ್ಗೆ ಆರಕ್ಕೇ.

ಈ ಬೀದಿ 1973ರಲ್ಲಿ ಗುರುತಿಸಿದ ಪಾರಂಪರಿಕ ಪ್ರದೇಶದೊಳಗಿದೆ. ಆದ್ದರಿಂದ ಮುಂದಿನ ಕಿಟಕಿ ಬದಲಿಸಲು ಓನರ್ ನಗರದ ಸ್ಮಾರಕ ಆಯೋಗದ ಅನುಮತಿ ಪಡೆಯಬೇಕು. ನಾವು ಪ್ರತಿ ಡಿಸೆಂಬರಿನಲ್ಲಿ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತೇವೆ. ಆ ಕಾನೂನಿನ ಮೇಲೆ ನನಗೆ ಸಿಟ್ಟಿಲ್ಲ. ಅದಿಲ್ಲದಿದ್ದರೆ ಈ ಬೀದಿಯ ಸಾಲು ಹೀಗೆ ಉಳಿಯುತ್ತಿರಲಿಲ್ಲ. ಕಂದು ಕಲ್ಲು ಮುಖಕ್ಕೆ ಮಾತ್ರ, ಹಿಂದಿರೋದು ಇಟ್ಟಿಗೆ ಗೋಡೆ. ಕಬ್ಬಿಣದ ಅಂಶದಿಂದ ಬಂದ ಬಣ್ಣ, ನಮ್ಮ ಜಂಬಿಟ್ಟಿಗೆಯ ಹಾಗೇ. ಆದರೆ ಇದು ಪದರದ ಮರಳುಗಲ್ಲು, ಒಳಹೊಕ್ಕ ನೀರು ಹೆಪ್ಪುಗಟ್ಟಿದರೆ ಸಿಪ್ಪೆ ಏಳುತ್ತೆ. ನಮ್ಮ ಕಿಟಕಿ ಕೆಳಗೆ ಅಂಗೈಯಗಲ ಎದ್ದಿದೆ; ಬೆರಳಾಡಿಸಿದರೆ ಕೆಂಗಂದು ಪುಡಿ.

ಎರಡನೇ ಮಾರ್ಚಿನಲ್ಲಿ ಹಿಮ ಕರಗಿ ಚಿಮಣಿ ಪಕ್ಕದ ಮೂಲೆ ಸೋರಿತು. ಓನರ್ ಮೂರು ಸಲ ತೇಪೆ ಹಾಕಿಸಿದರು, ಮೂರು ಸಲವೂ ಸೋರಿತು. ಚಿಮಣಿಗೂ ಛಾವಣಿಗೂ ಸೇರುವಲ್ಲಿನ ಹಳೇ ತಗಡು ಕಿತ್ತು ಹೊಸದು ಕೂರಿಸಿದ ಮೇಲೇ ನಿಂತಿದ್ದು. ಈ ವರ್ಷ ಕರಾರು ನವೀಕರಿಸುವ ಮುಂಚೆ, ಛಾವಣಿಗೆ ಬಿಳಿ ಬಣ್ಣ ಬಳಿಸಿದರೆ ಮಾತ್ರ ಸಹಿ ಅಂದೆ. ಬಳಿಸಿದರು. ಆಗಸ್ಟಿನಲ್ಲಿ ಮೊದಲ ಸಲ ನಡುರಾತ್ರಿ ಎಸಿ ಆರಿಸಿ ಮಲಗಿದೆವು.

ನಾವಂತೂ ಇನ್ನೊಂದು ವರ್ಷ ಇಲ್ಲೇ. ಮಂಡಿ ಗಟ್ಟಿಯಿದ್ದವರಿಗೆ ಧೈರ್ಯವಾಗಿ ಹೇಳುತ್ತೇನೆ, ತಗೊಳ್ಳಿ. ಆದರೆ ಮನೆ ನೋಡಲು ಬೇಸಿಗೆಯ ಮಧ್ಯಾಹ್ನ ಮೂರಕ್ಕೆ ಹೋಗಿ. ಚಿಮಣಿ ಪಕ್ಕದ ಮೂಲೆಯ ಸೂರು ನೋಡಿ. ಅಲ್ಲಿ ಮಾತ್ರ ಬಣ್ಣ ಹೊಸದಾಗಿ ಕಂಡರೆ, ಯಾವಾಗ ಸೋರಿತ್ತು, ಏನು ರಿಪೇರಿ ಮಾಡಿಸಿದ್ರಿ ಅಂತ ಸಹಿಗೆ ಮುಂಚೆಯೇ ಕೇಳಿ.