30 ಮೀಟರ್ ದಾರಿಗೆ ಮೂರು ತಂತಿಗಳು

ಪೆರ್ಲದ ನಮ್ಮ ಮನೆಯ ಅಡಿಕೆ ತೋಟದಂಚಿನಲ್ಲಿ, ಎರಡು ತೆಂಗಿನ ಮರಗಳ ನಡುವೆ 20 ಮೀಟರ್ ಉದ್ದದ ಡೈಪೋಲ್ ಆಂಟೆನಾ (ನಡುವಿನಲ್ಲಿ ಕೇಬಲ್ ಜೋಡಿಸುವ ಎರಡು ತೋಳಿನ ತಂತಿ) ಕಟ್ಟಿದ್ದೇನೆ. 100 ವಾಟಿನ ಹ್ಯಾಮ್ ರೇಡಿಯೊದಿಂದ ಅಲ್ಲಿಗೆ 30 ಮೀಟರ್ ದೂರವಿದ್ದು, ಈ ದಾರಿಗೆ ಆರ್‌ಜಿ-58, ಆರ್‌ಜಿ-213 ಎಂಬ ಕೋಆಕ್ಸಿಯಲ್ ಕೇಬಲ್‌ಗಳನ್ನೂ (ನಡುತಂತಿಯ ಸುತ್ತ ತಾಮ್ರದ ಹೆಣಿಗೆ ಇರುವಂಥವು) ಮನೆಯಲ್ಲೇ ಮಾಡಿದ ತೆರೆದ ಜೋಡಿ ತಂತಿಯನ್ನೂ ಒಂದಾದ ಮೇಲೊಂದರಂತೆ ಬಳಸಿ ನೋಡಿದೆ.

ಆರ್‌ಜಿ-58 ಸಪೂರ, ಹಗುರ, ಅಗ್ಗ. ಹೊಸತಿದ್ದಾಗ 7 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯೂಆರ್ (ಶಕ್ತಿ ಎಷ್ಟು ಪ್ರತಿಫಲಿಸಿ ಹಿಂದಿರುಗುತ್ತಿದೆ ಎಂದು ತೋರಿಸುವ ಅಂಕಿ; 1 ಇದ್ದರೆ ಏನೂ ಹಿಂದಿರುಗದು) 1.8 ಇತ್ತು. ಆಟಿ ತಿಂಗಳ ಮಳೆ ಕಳೆದ ಮೇಲೆ ಅದು 1.5ಕ್ಕೆ ಇಳಿದಾಗ ಹೊಂದಾಣಿಕೆ ಸುಧಾರಿಸಿತೆಂದೇ ನಂಬಿದೆ. ಆದರೆ ನನ್ನ ಧ್ವನಿ ಕ್ಷೀಣವಾಗಿದೆ ಎಂದು ಆಚೆಯವರು ಹೇಳತೊಡಗಿದರು. ಆಂಟೆನಾಕ್ಕೆ ಜೋಡಿಸಿದ್ದ ಕೇಬಲಿನ ತುದಿಯನ್ನು ಬಿಚ್ಚಿ, ಬರೇ 5 ವಾಟ್ ಹರಿಸಿ ಅಳೆದಾಗ ಕಾರಣ ತಿಳಿಯಿತು. ತುದಿ ತೆರೆದಿರುವಾಗ ಶಕ್ತಿಯೆಲ್ಲ ಹಿಂದಿರುಗಿ ಮಾಪಕ ಬಹಳ ಹೆಚ್ಚು ತೋರಿಸಬೇಕಾಗಿತ್ತು. ತೋರಿಸಿದ್ದು 3 ಮಾತ್ರ. ಎಂದರೆ ಹೋದ ಶಕ್ತಿಯಲ್ಲಿ ಕಾಲು ಭಾಗವಷ್ಟೇ ಮರಳಿತ್ತು, ಹೋಗುವಾಗ ಅರ್ಧ, ಬರುವಾಗ ಉಳಿದುದರ ಅರ್ಧ ಕೇಬಲಿನಲ್ಲೇ ಬಿಸಿಯಾಗಿ ಕಳೆದಿತ್ತು. ಮೇಲಿನ ಜೋಡಣೆಯಿಂದ ನೀರು ಇಳಿದು ತಾಮ್ರದ ಹೆಣಿಗೆ ಕಪ್ಪಾಗಿತ್ತು. ಪ್ರತಿಫಲಿತ ಶಕ್ತಿ ಮಾಪಕಕ್ಕೆ ತಲುಪುವ ಮೊದಲೇ ಸೊರಗುತ್ತಿದ್ದುದರಿಂದ ಕೆಟ್ಟ ಕೇಬಲಿನ ಅಂಕಿ ಚಂದ ಕಾಣುತ್ತಿತ್ತು.

ಆರ್‌ಜಿ-213 ಹಾಕಿದಾಗ ಅದೇ ಆಂಟೆನಾ 2 ತೋರಿಸಿತು, ಮತ್ತು ಅದೇ ನಿಜಕ್ಕೆ ಹತ್ತಿರದ ಅಂಕಿ. 2 ಎಂದರೆ ಶೇಕಡಾ 11ರಷ್ಟು ಶಕ್ತಿ ಪ್ರತಿಫಲಿಸುತ್ತದೆ. ಆದರೆ ಅದು ಅಷ್ಟೂ ನಷ್ಟವಲ್ಲ, ರೇಡಿಯೊ ಮತ್ತು ಕೇಬಲಿನ ನಡುವೆ ಹೊಂದಾಣಿಕೆ ಮಾಡುವ ಟ್ಯೂನರ್ ಅದನ್ನು ಮತ್ತೆ ಆಂಟೆನಾದತ್ತ ತಿರುಗಿಸುತ್ತದೆ, ಪ್ರತಿ ಪಯಣದಲ್ಲೂ ಕೇಬಲ್ ತೆಗೆದುಕೊಳ್ಳುವ ಪಾಲು ಮಾತ್ರ ಹೋಗುತ್ತದೆ. ಈ ಕೇಬಲಿನಲ್ಲಿ ಆ ಪಾಲು 7 ಮೆಗಾಹರ್ಟ್ಸ್‌ನಲ್ಲಿ ಅರ್ಧ ಡೆಸಿಬೆಲ್ ಆಸುಪಾಸು, ಎಂದರೆ ಶಕ್ತಿಯ ಸುಮಾರು ಹತ್ತನೆಯ ಒಂದು ಭಾಗ. ಈ ಕೇಬಲಿನ ಭಾರಕ್ಕೆ ಡೈಪೋಲಿನ ನಡು ಜಗ್ಗಿದ್ದರಿಂದ ನಡುವೆ ಒಂದು ಬಿದಿರಿನ ಊರುಗೋಲು ಕೊಡಬೇಕಾಯಿತು.

14 ಮೆಗಾಹರ್ಟ್ಸ್‌ಗೆ ಹೋದರೆ ಕಥೆ ಬೇರೆ. ಅಲ್ಲಿ ಇದೇ ಡೈಪೋಲ್ ಪೂರ್ಣ ತರಂಗದ ಉದ್ದವಾಗಿ, ನಡುವಿನ ಪ್ರತಿರೋಧ ಸಾವಿರಾರು ಓಮ್‌ಗೆ ಏರುತ್ತದೆ. 50 ಓಮಿನ ಈ ಕೋಆಕ್ಸಿಯಲ್ ಕೇಬಲ್ ಎಷ್ಟು ದಪ್ಪವಿದ್ದರೂ ಅಷ್ಟು ವ್ಯತ್ಯಾಸವನ್ನು ತಾಳದು, ಹೋಗಿ ಬರುವ ಶಕ್ತಿ ಬಹುಪಾಲು ಅದರಲ್ಲೇ ಕರಗುತ್ತದೆ. ಆಗ ನೆರವಾದದ್ದು ಜೋಡಿ ತಂತಿ: 2 ಮಿಲಿಮೀಟರ್ ದಪ್ಪದ ಎರಡು ತಾಮ್ರದ ತಂತಿಗಳು, 15 ಸೆಂಟಿಮೀಟರ್ ಅಂತರ ಕಾಯುವ ಪಿವಿಸಿ ಪೈಪಿನ ತುಂಡುಗಳು. ಈ ಅಳತೆಗೆ ಲಕ್ಷಣ ಪ್ರತಿರೋಧ (ಹರಿಯುವ ತರಂಗಕ್ಕೆ ಜೋಡಿ ತಂತಿ ಒಡ್ಡುವ ಪ್ರತಿರೋಧ) ಸುಮಾರು 600 ಓಮ್. ಪ್ರತಿಫಲನ ಇಲ್ಲಿಯೂ ಇದೆ, ಆದರೆ ತಂತಿಯಲ್ಲಿ ಕರಗುವ ಶಕ್ತಿ ತೀರ ಕಡಿಮೆಯಾದ್ದರಿಂದ ಟ್ಯೂನರಿನ ಶ್ರಮ ವ್ಯರ್ಥವಾಗುವುದಿಲ್ಲ. ಕಿಟಕಿಯ ಸರಳಿನಿಂದಲೂ ಸೋಗೆಯಿಂದಲೂ 30 ಸೆಂಟಿಮೀಟರ್ ದೂರ ಇಡಬೇಕು, ಮಳೆ ಬಂದಾಗ ಟ್ಯೂನರನ್ನು ಮತ್ತೆ ಸರಿಪಡಿಸಬೇಕು. ಈ ತೊಂದರೆಗಳನ್ನು ನಾನು ಒಪ್ಪಿಕೊಂಡಿದ್ದೇನೆ.

7 ಮೆಗಾಹರ್ಟ್ಸ್ ಒಂದೇ ಸಾಕೆನ್ನುವವರಿಗೆ ನಾನು ಆರ್‌ಜಿ-213ನ್ನೇ ಹೇಳುತ್ತೇನೆ, ಪ್ರತಿ ಮಳೆಗಾಲದ ನಂತರ ತುದಿ ಬಿಚ್ಚಿ ಅಳೆಯುವ ಷರತ್ತಿನೊಂದಿಗೆ. ನನ್ನ ತೋಟದಲ್ಲಿ ಈಗ ಉಳಿದಿರುವುದು ಜೋಡಿ ತಂತಿ.